ಮಲಗಿ ನೋಡದೆ ಮಾರದ ದೊಡ್ಡಮ್ಮ

ನಾನು ಇವತ್ತೂ ಟವರ್ ಹತ್ತಿ ಬಣ್ಣ ಹೊಡೀತಿದೀನಿ ಅಂದ್ರೆ ಅದು ಬಸ್ ಸ್ಟ್ಯಾಂಡ್ ಹಿಂದೆ ಟೆಂಟು, ಗಾಳಿ ಹಾಸಿಗೆ ಮಾರೋ ಅಂಗಡಿ ದೊಡ್ಡಮ್ಮನಿಂದ. ಅವರ ವಿಷಯ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಬರೀತಿದೀನಿ.

ನಮ್ಮ ಕೆಲಸ ಗುಡ್ಡದ ಮೇಲೆ, ಕರೆಂಟಿನ ದೊಡ್ಡ ಟವರ್‌ಗಳಿಗೆ ಬಣ್ಣ ಬಳಿಯೋದು. ಒಂದ್ಸಲ ಹೋದ್ರೆ ವಾರಗಟ್ಟಲೆ ಅಲ್ಲೇ, ಟೆಂಟಲ್ಲಿ. ಹೋದ ವರ್ಷ ಏಣಿಯಿಂದ ಜಾರಿದೆ. ಆಮೇಲೆ ಬರೀ ನೆಲದ ಮೇಲೆ ಮಲಗಿದ್ರೆ ಬೆಳಗ್ಗೆ ಸೊಂಟ ಏಳಲ್ಲ. ಸಿಕ್ಕಿದ ಕಡೆ ಒಂದು ಗಾಳಿ ತುಂಬೋ ಹಾಸಿಗೆ ತಗೊಂಡೆ. ಬೆಳಗಾಗೋದ್ರೊಳಗೆ ಚಪ್ಪಟೆ. ಇನ್ನೊಂದು ತಗೊಂಡೆ, ಅದೂ ಅಷ್ಟೇ. ಮಲಗುವಾಗ ಹಾಸಿಗೆ, ಏಳುವಾಗ ಬೆಡ್‌ಶೀಟು ಅಂತ ನನ್ನ ಹೆಂಡತಿ ನಗೋಳು.

ಮೇಸ್ತ್ರಿ ನಗಲಿಲ್ಲ. ರಜಕ್ಕೆ ಕೆಳಗೆ ಇಳಿಯುವಾಗ ಕರೆದು ಹೇಳಿದ.

"ನೋಡಪ್ಪಾ, ಸೊಂಟ ಬಗ್ಗಿದವನನ್ನ ಮೇಲೆ ಹತ್ತಿಸಿ ನಾನು ಪಾಪ ಕಟ್ಕೊಳ್ಳಲ್ಲ. ಮುಂದಿನ ಸಲ ನೆಟ್ಟಗೆ ನಿಲ್ಲದಿದ್ರೆ ಬೇರೆಯವರನ್ನ ಹಾಕ್ಕೋತೀನಿ."

ನಂಗೆ ಬೇರೆ ಕೆಲಸ ಬರಲ್ಲ. ರಜ ಮುಗಿಯೋ ಹಿಂದಿನ ದಿನ ಊಟ ಮುಗಿಸಿ ಆ ಅಂಗಡಿಗೆ ಹೋದೆ, ಸೋರೋ ಹಾಸಿಗೆ ಕಂಕುಳಲ್ಲಿ ಇಟ್ಕೊಂಡು. ಗಲ್ಲಾದಲ್ಲಿ ದೊಡ್ಡಮ್ಮನ ತಮ್ಮ ಕೂತಿದ್ದ. ಅಕ್ಕ ಡ್ಯೂಟಿ ಮೇಲಿದಾರೆ, ಸ್ವಲ್ಪ ಕೂತ್ಕೋ ಅಂದ. ನೋಡಿದ್ರೆ ಅವರು ಟೆಂಟುಗಳ ಮಧ್ಯೆ ಒಂದು ಗಾಳಿ ಹಾಸಿಗೆ ಮೇಲೆ ಗೊರಕೆ ಹೊಡೀತಿದಾರೆ. ಹೆಸರಿಗೆ ತಕ್ಕ ಮೈ.

"ಮಲಗಿ ದುಡಿಯೋದು ಇಡೀ ಪೇಟೇಲಿ ನಮ್ಮಕ್ಕ ಒಬ್ಬಳೇ" ಅಂದ ತಮ್ಮ.

"ನೀನು ಕೂತು ದುಡಿದಿದ್ದೂ ನೋಡಿದೀನಿ" ಅಂತ ಕಣ್ಣು ಬಿಡದೇ ಅಂದರು ದೊಡ್ಡಮ್ಮ.

ಎದ್ದು ಬಂದು ನನ್ನ ಹಾಸಿಗೆ ಊದಿಸಿದ್ರು. ಅಂಚಿಗೆ ಕೆನ್ನೆ ಒತ್ತಿ ಉದ್ದಕ್ಕೂ ಸವರಿದ್ರು. ಅಂಟೇ ಬಿಡ್ತಿದೆ, ಪ್ಯಾಚ್ ನಿಲ್ಲಲ್ಲ ಅಂದ್ರು. ಅವರು ಮಲಗಿದ್ದ ಹಾಸಿಗೆ ಕೊಡಿ ಅಂದೆ. ಅದು ಆಗಲೇ ಬೇರೆಯವರಿಗೆ ಮಾತಾಗಿತ್ತು. ಅವತ್ತು ಬಂದ ಹೊಸ ಮಾಲು ಕಪಾಟಲ್ಲಿ ಕಾಣ್ತಿತ್ತು, ಆದ್ರೆ ಅದನ್ನ ಕೊಡಲ್ಲ ಅಂದ್ರು. ಇನ್ನೂ ಮಲಗಿ ನೋಡಿಲ್ಲವಂತೆ. ಬೆಳಗ್ಗೆ ಲಾರಿ ಹೊರಡುತ್ತೆ, ಹಾಸಿಗೆ ಸರಿಯಿಲ್ಲದಿದ್ರೆ ಕೆಲಸ ಹೋಗುತ್ತೆ ಅಂದೆ.

ದೊಡ್ಡಮ್ಮ ಕಪಾಟಿಂದ ಎರಡು ಹೊಸ ಹಾಸಿಗೆ ಇಳಿಸಿದ್ರು. "ಹಂಗಾದ್ರೆ ನೀನೇ ಮಲಗು."

ಮೊದಲನೇದು ಹಾಸಿದ್ರು. ಕಣ್ಣು ಎಳೆಯೋದ್ರೊಳಗೆ ಸೊಂಟ ನೆಲ ಮುಟ್ತು. ಅದನ್ನ ಸುತ್ತಿ, ವಾಪಸ್ ಕಳಿಸೋ ಡಬ್ಬಕ್ಕೆ ಹಾಕಿದ್ರು. ಎರಡನೇದರ ಮೇಲೆ ಮಲಗಿದೆ. ನನ್ನ ತೂಕದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಟೆಂಟಿನ ಗೂಟದ ಚೀಲ ತಂದು ಹೊಟ್ಟೆ ಮೇಲೆ ಇಟ್ರು. ಉಸಿರಾಡೋಕೆ ಆಗುತ್ತಾ ಅಂತ ಕೇಳಿದ್ದು ನೆನಪಿದೆ. ಉತ್ತರ ಕೊಟ್ಟಿದ್ದು ನೆನಪಿಲ್ಲ.

ಎಚ್ಚರ ಆದಾಗ ಬೀದಿ ದೀಪ ಹತ್ತಿತ್ತು. ಶಟರ್ ಅರ್ಧ ಎಳೆದಿದ್ರು. ತಮ್ಮ ಹೊರಗೆ ನಿಂತು, ಒಳಗೆ ಒಬ್ಬರು ಮಲಗಿದಾರೆ, ಮೆತ್ತಗೆ ಮಾತಾಡಿ ಅಂತ ಗಿರಾಕಿಗಳಿಗೆ ಹೇಳ್ತಿದ್ದ. ದೊಡ್ಡಮ್ಮ ನನ್ನ ಬೆನ್ನ ಕೆಳಗಿನ ಹಾಸಿಗೆಯನ್ನ ಹೆಬ್ಬೆರಳಲ್ಲಿ ಒತ್ತಿದ್ರು. ಗಟ್ಟಿಯಾಗಿತ್ತು.

"ಇದು ನಿಂದು" ಅಂದ್ರು.

ಈ ಹಠ ಯಾಕೆ ಅಂತ ತಮ್ಮನ ಹತ್ರ ಕೇಳಿದೆ. ಮೊದಲು ಅಕ್ಕನೂ ನೋಡದೇ ಮಾರೋರಂತೆ. ಒಬ್ಬಳು ತಾಯಿ, ಆಸ್ಪತ್ರೆಯಲ್ಲಿ ಮಗುವಿನ ಮಂಚದ ಪಕ್ಕ ಹಾಸ್ಕೊಳ್ಳೋಕೆ ಒಂದು ಒಯ್ದಿದ್ದಳಂತೆ. ಆಮೇಲೆ ಬಂದು, ಜಗಳ ಆಡಲಿಲ್ಲ, ವಾಪಸ್ಸೂ ಕೇಳಲಿಲ್ಲ. ಮೊದಲ ದಿನವೇ ಗಾಳಿ ಹೋಯ್ತಮ್ಮಾ ಅಂತ ಹೇಳಿ ಹೋದಳಂತೆ. ಅವತ್ತಿಂದ ಹಿಂಗೆ.

ಗುಡ್ಡದ ಮೇಲೆ ಬೆಳಗ್ಗೆ ಎದ್ದಾಗ ಹಾಸಿಗೆ ಸಂಜೆ ಇದ್ದ ಹಾಗೇ ಇತ್ತು. ಟೆಂಟಿಂದ ಹೊರಗೆ ಬಂದು ನೆಟ್ಟಗೆ ನಿಂತೆ. ಮೇಸ್ತ್ರಿ ಹಲ್ಲುಜ್ಜುತ್ತಾ ನನ್ನ ನೋಡಿದ. ಆಮೇಲೆ ಬೆಲ್ಟು, ಬ್ರಷ್ಷು ತಂದು ಕೈಗೆ ಕೊಟ್ಟ.

ಊರಿಗೆ ಬಂದಾಗೆಲ್ಲ ದೊಡ್ಡಮ್ಮನ್ನ ನೋಡಿಯೇ ಮನೆಗೆ ಹೋಗೋದು. ನೀವೂ ಆ ಕಡೆ ಬಂದ್ರೆ ಒಂದು ಸಲ ಹೋಗಿ ಮಾತಾಡ್ಸಿ. ಏನೂ ಕೊಳ್ಳಬೇಕಾಗಿಲ್ಲ. ಟವರ್ ಬಣ್ಣದವನು ಚೆನ್ನಾಗಿದಾನೆ ಅಂತ ಹೇಳಿ, ಸಾಕು.