ಸ್ಟೆಲ್ಲಾ ಆಂಟಿ ಓದದೆ ಹಾಕಿದ ಸಹಿ

ಸರ್ವಜ್ಞನಗರದ ನಮ್ಮ ಹಳೆಯ ಕಟ್ಟಡಕ್ಕೆ ಮೊನ್ನೆ ಸುಣ್ಣ ಬಳಿಯುತ್ತಿದ್ದರು. ಆ ಹಸಿ ವಾಸನೆಗೆ ನಾನು ಮತ್ತೆ ಹತ್ತು ವರ್ಷದ ಹುಡುಗಿಯಾದೆ.

ಅಲ್ಲಿ ಬಾಡಿಗೆಗೆ ಆರು ಸಂಸಾರಗಳಿದ್ದವು. ಎಲ್ಲರ ಅರ್ಜಿಗಳನ್ನೂ ಅಪ್ಪನೇ ಬರೆದುಕೊಡುತ್ತಿದ್ದರು. ಒಂದು ದಿನ ಮಾಲೀಕರ ಕಾಗದ ಹಿಡಿದು ಮನೆಮನೆಗೂ ಹೋದರು. "ಬರೀ ರಿಪೇರಿ. ಆರು ತಿಂಗಳಲ್ಲಿ ವಾಪಸ್ ಬರಬಹುದು" ಎಂದರು. ನನ್ನ ಫ್ರಾಕುಗಳನ್ನೆಲ್ಲ ಹೊಲಿದುಕೊಡುತ್ತಿದ್ದ ಮಹಡಿಯ ಸ್ಟೆಲ್ಲಾ ಆಂಟಿ, "ನೀವ್ ಹೇಳಿದ್ರೆ ಸಾಕು ಸಾರ್" ಎಂದು ಓದದೆ ಸಹಿ ಹಾಕಿದರು.

ಆಂಟಿ ಮರಳಿ ಬಂದಾಗ ಅವರ ಮನೆಯಲ್ಲಿ ಯಾರದೋ ಆಫೀಸಿತ್ತು. ಆ ಕಾಗದ ಮನೆ ಬಿಟ್ಟುಕೊಡುವ ಒಪ್ಪಿಗೆಯಾಗಿತ್ತು. ಉಳಿದದ್ದು ನಮ್ಮ ಸಂಸಾರವೊಂದೇ.

"ನಿಮ್ಗೆ ಗೊತ್ತಿತ್ತಾ ಸಾರ್?"

ಅಪ್ಪ ನನ್ನನ್ನು ಒಳಗೆ ಕಳಿಸಿದರು. ಅಂದಿನಿಂದ ಅವರ ಮಾತನ್ನು ನಾನೂ ಪೂರ್ತಿ ನಂಬಲಿಲ್ಲ.

ಈಗ ಕೆಳಗೆ ಕೆಫೆಯಿದೆ. ಕಟ್ಟಡದ ಇತಿಹಾಸ ಹೇಳುವ ಫಲಕದಲ್ಲಿ ಹಳೆಯ ನಿವಾಸಿಯೆಂದು ಅಪ್ಪನ ಹೆಸರೊಂದೇ ಇದೆ.