ಫಂಕಾದ ಮೇಲಿನ ಮೂರು ಚುಕ್ಕಿ

ಮೌನಪ್ಪ ಬಡಿಗೇರ ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ಬೋರಲು ಹಾಕುತ್ತಿದ್ದ. ಅದರ ಅಡಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಆಮೇಲೆ ಕೂಡುತ್ತಿದ್ದ. “ಮಾಡಿದವನ ಕೈ ಯಾವುದಂತ ನೋಡಬೇಕ್ರಿ,” ಎನ್ನುತ್ತಿದ್ದ. ಅಲ್ಲಿಯತನಕ ನನ್ನ ಹೆಂಡತಿ ಚಹಾ ಹಿಡಿದು ನಿಂತೇ ಇರಬೇಕು. ಇಂಥ ತಲೆತಿರುಕ ದಾಂಡೇಲಿಯಲ್ಲಿ ಇನ್ನೊಬ್ಬನಿರಲಿಲ್ಲ.

ಕಾಗದದ ಮಿಲ್ಲಿನಲ್ಲಿ ನಾನು ಫಿಟರ್, ಅವನು ಬಡಿಗ. ಮನೆಗಳು ಗೋಡೆಗೆ ಗೋಡೆ ಹತ್ತಿದವು. ಯುದ್ಧಕಾಲದಲ್ಲಿ ಅವನೂ ಅವನ ತಮ್ಮ ಈರಣ್ಣನೂ ಬೆಂಗಳೂರಿನಲ್ಲಿ ವಿಮಾನದ ಮೂತಿಗೆ ತಿರುಗುವ ಕಟ್ಟಿಗೆಯ ಫಂಕಾ ರಿಪೇರಿ ಮಾಡುತ್ತಿದ್ದರಂತೆ. ಆಮೇಲೆ ಅದೇ ಕೆಲಸಕ್ಕೆ ತಮ್ಮನನ್ನು ಬರ್ಮಾ ಗಡಿಗೆ ಕಳಿಸಿದರು. ಒಂದು ದಿನ ಅವನು ಸತ್ತನೆಂಬ ಸುದ್ದಿ ಬಂತು, ಹೆಣ ಬರಲಿಲ್ಲ. ತಾಯಿ ನೀಲವ್ವ ನಂಬಲಿಲ್ಲ. ಊಟದ ಹೊತ್ತಿಗೆ ಈರಣ್ಣನ ತಾಟನ್ನೂ ಇಟ್ಟು ಕಾಯುತ್ತಿದ್ದಳು.

ಯುದ್ಧ ಮುಗಿದ ಮೇಲೆ ಹಳೆಯ ಫಂಕಾಗಳು ಹರಾಜಾಗಿ ಊರೂರು ಸೇರಿದ್ದವು. ಉಳ್ಳವರು ಅಂದಕ್ಕೆಂದು ಗೋಡೆಗೆ ತೂಗುಹಾಕಿದ್ದರು. ಎಲ್ಲಿಯಾದರೂ ಒಂದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಮೌನಪ್ಪ ರವಿವಾರ ಬಸ್ಸು ಹತ್ತುತ್ತಿದ್ದ. ಒಮ್ಮೆ ನಮ್ಮ ಹತ್ತಿರದ ರಾಮನಗರದ ಚಹಾದಂಗಡಿಯಲ್ಲಿ ನನಗೂ ಒಂದನ್ನು ತೋರಿಸಿದ. ಫಂಕಾದ ನಡುವಿನ ತೂತಿನ ಸುತ್ತ ಅಕ್ಷರ, ಅಂಕಿ ಒತ್ತಿದ್ದರು.

“ಇದು ಯಾವ ಇಂಜನ್ನಿಂದು ಅಂತ, ಇದು ಉದ್ದ, ಇದು ಎಡಕ್ಕ ತಿರಗತೈತೋ ಬಲಕ್ಕೋ ಅಂತ. ಈ ಬದಿಗೆ ರಿಪೇರಿ ಮಾಡಿದವನ ಗುರುತು, ಕೆಳಗ ವರ್ಷ. ನಮ್ಮ ಈರ್ಯಾಂದು ಮೂರು ಚುಕ್ಕಿ, ಒಂದು ಗೀಟು. ಸತ್ತ ಸುದ್ದಿ ಬಂತಲ್ಲ, ಅದರ ಮುಂದಿನ ವರ್ಷದ್ದು ಒಂದು ಸಿಕ್ರ ಅಂವ ಬದುಕಿದ್ದ ಅಂತಾತಲ್ರಿ?”

“ಅಲ್ಲೋ ಮೌನಪ್ಪಾ, ಹೊಳ್ಯಾಗ ಬಿದ್ದ ಮೂಗುತಿ ಹುಡಿಕ್ಯಾಡಿದಂಗಾತು ಇದು,” ಎಂದೆ.

“ಏನ ಮಾಡ್ಲಿ. ಅವ್ವ ತಾಟ ತೆಗೀವಲ್ಲಳ್ರಿ.”

ಹಳಿಯಾಳದಲ್ಲಿ ಕಟ್ಟಿಗೆ ಕೊಯ್ಯುವ ಒಂದು ಸಾ ಮಿಲ್ಲಿನಲ್ಲಿ ಫಂಕಾ ಇದೆಯೆಂದು ತಿಳಿದದ್ದು ದಸರೆ ಮುಗಿದ ಮೇಲೆ. ನಾನೂ ಜೊತೆಗೆ ಹೋದೆ. ಮೌನಪ್ಪ ಅದರ ನಡುವಿಗೆ ಮುಖ ಹಚ್ಚಿ ನೋಡಿದವನು ನನ್ನನ್ನು ಹತ್ತಿರ ಕರೆದ. ಮೂರು ಚುಕ್ಕಿ, ಒಂದು ಗೀಟು. ಅದರ ಕೆಳಗೆ ಕಟ್ಟಿಗೆ ನುಣ್ಣಗೆ ಹೊಳೆಯುತ್ತಿತ್ತು. ವರ್ಷವಿರಬೇಕಾದಲ್ಲಿ ಕುಂಕುಮದ ಬೊಟ್ಟಿತ್ತು.

ಮಿಲ್ಲಿನ ಸಾವುಕಾರರು ಹಿಗ್ಗಿನಿಂದಲೇ ಹೇಳಿದರು: “ದಸರಿ ಖಂಡೆಪೂಜಿಗೆ ಹತಾರ, ಮಶೀನು ಎಲ್ಲಾ ಸ್ವಚ್ಛ ಮಾಡಿಸೇನ್ರಿ. ಇದಕ್ಕೂ ಕುಂಕುಮ ಹಚ್ಚಾಕ ಅಷ್ಟ ಜಾಗಾ ರಂದಾ ಹೊಡಿಸಿ, ಮ್ಯಾಲಿನ ಪದರ ಹೆರಿಸಿ ಪಾಲಿಶ್ ಮಾಡಿಸಿದೆ.”

ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು ನನಗೆ. ಆದರೆ ಏನೆಂದು ಬೈಯುವುದು? ಖಂಡೆಪೂಜೆಗೆ ಹತಾರ ತಿಕ್ಕಿ ತೊಳೆಯದವರು ನಮ್ಮಲ್ಲಿ ಯಾರಿದ್ದಾರೆ? ಮೌನಪ್ಪನೂ ತಿಕ್ಕುತ್ತಿದ್ದ. ಅವನು ಆ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದ. “ಒಂದ ನೂಲಿನಷ್ಟು ಕಮ್ಮಿ ಹೊಡದಿದ್ರ ವರ್ಷ ಉಳೀತಿತ್ರಿ,” ಎಂದ. ಸಂಜೆಯ ಬಸ್ಸಿಗೆ ಮರಳಿದೆವು.

ನೀಲವ್ವ ಬಾಗಿಲಲ್ಲೇ ಕೂತಿದ್ದಳು. “ಸಿಕ್ತೇನೋ?”

“ಈರ್ಯಾನ ಕೈ ಸಿಕ್ತಬೇ. ವರ್ಷ ಸಿಗಲಿಲ್ಲ.”

ಮುದುಕಿ ಅವನ ಮುಖವನ್ನೇ ನೋಡಿ, ಒಳಗೆ ಹೋಗಿ ತಾಟು ಹಾಕಿದಳು. ಎಂದಿನಂತೆ ಮೂರು.

ಆಮೇಲೆ ಮೌನಪ್ಪ ಯಾವ ಫಂಕಾ ನೋಡಲೂ ಹೋಗಲಿಲ್ಲ. ನಮ್ಮ ಮನೆಗೆ ಬಂದರೆ ಸುಮ್ಮನೆ ಕುರ್ಚಿಯಲ್ಲಿ ಕೂಡುತ್ತಿದ್ದ. ನನ್ನ ಹೆಂಡತಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ನೀಲವ್ವ ಕಾಯುತ್ತಲೇ ತೀರಿಹೋದಳು. ಮೌನಪ್ಪನಿಗೆ ಮದುವೆ ಆಗಿರಲಿಲ್ಲ, ಮನೆಯಲ್ಲಿ ಅವನೊಬ್ಬನೇ ಉಳಿದ.

ಅವನು ಕೊನೆಗೆ ಮಾಡಿದ್ದು ನಮ್ಮ ಸಾಗವಾನಿ ಮಂಚ. ಅವನೆದುರಿಗೇ ಅದನ್ನು ಬೋರಲು ಹಾಕಿ ಹುಡುಕಿದೆ. ಎಲ್ಲಿಯೂ ಗುರುತಿರಲಿಲ್ಲ.

“ಯಾಕೋ, ನಿನ್ನ ಕೈ ಒತ್ತಲಿಲ್ಲ?”

“ನನ್ನ ಹುಡುಕ್ಯಾಡಾವ್ರು ಯಾರ ಅದಾರ್ರಿ,” ಎಂದು ಹತಾರ ಚೀಲಕ್ಕೆ ತುಂಬಿದ.

ಆ ಮಳೆಗಾಲ ದಾಟಲಿಲ್ಲ ಅವನು. ಮಂಚ ಇನ್ನೂ ಗಟ್ಟಿಯಾಗಿದೆ. ಮಾಡಿದವರು ಯಾರೆಂದು ಕೇಳಿದವರಿಗೆ ನಾನು ಹೇಳುತ್ತೇನೆ. ನನ್ನ ಹಿಂದೆ ಹೇಳುವವರಿಲ್ಲ.