ಹಾಲೋ ನಿಂಬೆಹಣ್ಣೋ

ಬಸ್ಸು ಕೊಂಡೆ ಎಂದಾಗ ಅಣ್ಣ ಮೊದಲು ಕೇಳಿದ್ದು, ಯಾವ ರೂಟಿಗೆ ಬಿಡ್ತೀಯಾ ಅಂತ. ತಮಾಷೆಯಲ್ಲ, ನಿಜವಾಗಿಯೂ ಹಾಗೇ ಕೇಳಿದ. ಆಗಷ್ಟೇ ನಿವೃತ್ತಳಾದ, ಮದುವೆಯಾಗದ ತಂಗಿ, ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬಾರದವಳು, ಗುಜರಿಯವನಿಂದ ಹಳೇ ಸಿಟಿ ಬಸ್ಸು ಕೊಂಡು ತಂದರೆ ಪಾಪ ಅವನಾದರೂ ಇನ್ನೇನು ಕೇಳಬೇಕು. ಅದರಲ್ಲಿ ವಾಸ ಮಾಡುತ್ತೇನೆ ಎಂದೆ. ಅತ್ತಿಗೆ ಲಟ್ಟಣಿಗೆ ಹಿಡಿದುಕೊಂಡೇ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ನಮ್ಮದು ಜಯನಗರದ ಮನೆ. ನಮ್ಮದು ಅನ್ನುವುದು ಬಾಯಿಯ ಅಭ್ಯಾಸ. ಅಪ್ಪ ಕಟ್ಟಿಸಿದ್ದು, ಈಗ ಅಣ್ಣನದು. ಮಹಡಿಯ ಮೇಲಿನ ರೂಮಿನಲ್ಲಿ ನಾನು. ಯಾರೂ ಕೆಟ್ಟವರಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನೆಂಟರು ಬಂದರೆ ರೂಮು ಬಿಟ್ಟುಕೊಡಬೇಕಾದವಳು ನಾನು. ಮಕ್ಕಳ ಪರೀಕ್ಷೆ ಬಂದರೂ ನಾನೇ. ಒಬ್ಬಳೇ ತಾನೆ, ಅಡ್ಜಸ್ಟ್ ಮಾಡ್ಕೊ ಅಂತ ಎಷ್ಟು ಪ್ರೀತಿಯಿಂದ ಹೇಳುತ್ತಿದ್ದರೆಂದರೆ ಜಗಳ ಆಡಲೂ ಆಗುತ್ತಿರಲಿಲ್ಲ. ಇಡೀ ಬೆಂಗಳೂರಿನಲ್ಲಿ ನನ್ನನ್ನು ಯಾರೂ ಎಬ್ಬಿಸದಿದ್ದ ಜಾಗವೆಂದರೆ ಆಫೀಸಿಗೆ ಹೋಗುವ ಬಸ್ಸಿನ ಕಿಟಕಿ ಪಕ್ಕದ ಸೀಟು. ಟಿಕೆಟ್ ತಗೊಂಡರೆ ಮುಗಿಯಿತು, ಇಳಿಯುವ ತನಕ ನನ್ನದು. ಬಸ್ಸೇ ಯಾಕೆ ಎಂದು ಕೇಳಿದವರಿಗೆ ಇದನ್ನು ಹೇಳಲು ನಾಚಿಕೆಯಾಗಿ, ಊರೂರು ಸುತ್ತುವ ಆಸೆ ಎನ್ನುತ್ತಿದ್ದೆ. ಅದೂ ಸುಳ್ಳಲ್ಲ.

ನಿಲ್ಲಿಸಲು ಗೊಟ್ಟಿಗೆರೆಯಲ್ಲಿ ಒಂದು ಖಾಲಿ ಸೈಟು ಬಾಡಿಗೆಗೆ ಸಿಕ್ಕಿತು. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದವರದೇ ಸೈಟು. ಸುತ್ತಲಿನ ಬಾಡಿಗೆ ಮನೆಗಳೂ ಈಗ ಅವರವೇ. ಯಜಮಾನಿ ಮಾತ್ರ ಹಟ ಹಿಡಿದು ಇನ್ನೂ ಹಸು ಕಟ್ಟಿಕೊಂಡಿದ್ದಳು. ಬಸ್ಸನ್ನು ಎಳೆದು ತಂದ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದಕ್ಕೆ ಜೀವ ಬರುತ್ತದಾ ಎಂದು ನನ್ನನ್ನೇ ಕೇಳಿದಳು. ನನಗೇನು ಗೊತ್ತು.

ನೆಲದ ತಗಡು ಹಪ್ಪಳದ ಹಾಗೆ ಮುರಿಯುತ್ತಿತ್ತು. ಸೀಟುಗಳ ಬೋಲ್ಟು ತುಕ್ಕು ಹಿಡಿದು ತಿರುಗದೆ, ವೆಲ್ಡರ್ ಗ್ಯಾಸ್ ಹಚ್ಚಿ ಕತ್ತರಿಸಿದ. ಸೀಟುಗಳ ಅಡಿಯಲ್ಲಿ ಕಡಲೇಕಾಯಿ ಸಿಪ್ಪೆ, ಒಣಗಿದ ಮಲ್ಲಿಗೆ, ಯಾವುದೋ ಮಗುವಿನ ಒಂದೇ ಒಂದು ಶೂ. ಎಲ್ಲ ಸೀಟು ಹೊರಗೆ ಹೋದ ಮೇಲೆ ಒಳಗೆ ನಿಂತು ಕೆಮ್ಮಿದೆ, ಪ್ರತಿಧ್ವನಿ ಬಂತು. ಭಯವಾಯಿತು. ಅದಕ್ಕೇ ‘ಮಹಿಳೆಯರಿಗೆ’ ಎಂದು ಬರೆದಿದ್ದ ಕಿಟಕಿಯ ಕೆಳಗಿನ ಸೀಟೊಂದನ್ನು ವಾಪಸ್ ಹಾಕಿಸಿದೆ. ಹಿಂದೆ ಮಂಚ, ನಡುವೆ ಅಡುಗೆ ಕಟ್ಟೆ, ಬಚ್ಚಲು ಅಂದರೆ ಮೈ ತಿರುಗಿಸಲು ಆಗದಷ್ಟು. ಮನೆಗಾಡಿ ಅಂತ ನೋಂದಣಿ ಮಾಡಿಸಲು ಅಲೆದು ಚಪ್ಪಲಿ ಸವೆಯಿತು.

ಇಂಜಿನ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್ ಬಿಟಿಎಂ ಲೇಔಟಿನವನು. ಭಾನುವಾರ ಮಾತ್ರ ಬರುತ್ತಿದ್ದ. ಬರುತ್ತೇನೆಂದ ಭಾನುವಾರಗಳಲ್ಲೂ ಅರ್ಧಕ್ಕರ್ಧ ನಾಪತ್ತೆ. ಒಂದು ಸಲ ಚೆನ್ನಾಗಿ ಬೈದೆ. ಅವನು ಸ್ಪ್ಯಾನರ್ ಒರೆಸುತ್ತಾ ಶಾಂತವಾಗಿ, "ನಿಮ್ಗೇನು ಅರ್ಜೆಂಟ್ ಮೇಡಂ, ಮನೇಲಿ ಯಾರು ಕಾಯ್ತಿರ್ತಾರೆ?" ಎಂದ. ಚುಚ್ಚಲು ಹೇಳಿದ್ದಲ್ಲ. ಆದರೂ ಅವತ್ತು ನನಗೆ ಊಟ ಸೇರಲಿಲ್ಲ.

ಬಣ್ಣ ಒಣಗಿತು, ಇಂಜಿನ್ ಮಾತಾಡಿತು. ಇನ್ನು ಪೂಜೆ. ಆಗ ಯಜಮಾನಿ, ಬೆಳಗಿನ ಹಾಲು ಅಳೆದು ಕೊಡುತ್ತಾ, ನಾನು ಯೋಚಿಸಿಯೇ ಇರದ ಪ್ರಶ್ನೆ ಕೇಳಿದಳು. ಗಾಡಿ ಅಂದರೆ ಚಕ್ರದಡಿ ನಿಂಬೆಹಣ್ಣು. ಮನೆ ಅಂದರೆ ಹಾಲುಕ್ಕಿಸಬೇಕು. ಇದಕ್ಕೆ ಯಾವುದು?

ಎರಡೂ ಮಾಡಿದರಾಯಿತು ಎಂದೆ.

"ನಿಂಬೆಹಣ್ಣು ಅಂದ್ರೆ ಹೋಗಿ ವಾಪಸ್ ಬರ್ತೀನಿ ಅಂತ ಅಕ್ಕ. ಹಾಲು ಅಂದ್ರೆ ಇನ್ಮೇಲೆ ಇಲ್ಲೇ ಅಂತ. ಎರಡರಲ್ಲಿ ಒಂದು ಹೇಳಿ."

ಅಣ್ಣನನ್ನು ಕೇಳಿದೆ. ಬಸ್ಸಿಗೆ ಯಾರಾದರೂ ಗೃಹಪ್ರವೇಶ ಮಾಡ್ತಾರಾ, ನಿಂಬೆಹಣ್ಣು ಹತ್ತಿಸಿ ಟೂರ್ ಮುಗಿಸಿಕೊಂಡು ಬಾ ಎಂದು ನಕ್ಕ. ನನಗೆ ಎಲ್ಲಿತ್ತೋ ಸಿಟ್ಟು. ಊರವರ ಗೃಹಪ್ರವೇಶಕ್ಕೆಲ್ಲ ಹೋಗಿ ಅಡುಗೆಮನೆಯಲ್ಲಿ ಬೆವರಿದ್ದೇನೆ, ಎಲೆ ಹಾಸಿದ್ದೇನೆ, ಎಂಜಲು ತೆಗೆದಿದ್ದೇನೆ. ನನ್ನದು ಅಂತ ಒಂದು ಬಾಗಿಲು ಬಂದಾಗ ಅದಕ್ಕೆ ನಿಂಬೆಹಣ್ಣಾ? ಹಾಲೇ ಉಕ್ಕಿಸುತ್ತೇನೆ, ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದು ಅರಿಶಿನ ಕುಂಕುಮ ಇಟ್ಟು ಕರೆದೆ. ಅಣ್ಣ ನಗು ನಿಲ್ಲಿಸಿದ.

ಬಂದರು. ವಿಭೂತಿ ಹಚ್ಚಿಕೊಂಡು, ಹಾರ ಹಿಡಿದುಕೊಂಡು ಬಂದರು. ಅಯ್ಯನವರು ಹೊಸ್ತಿಲೆಲ್ಲಿ ಎಂದು ಹುಡುಕಿ, ಕೊನೆಗೆ ಫುಟ್‌ಬೋರ್ಡಿಗೇ ಅರಿಶಿನ ಬಳಿಸಿದರು. ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ, ಬಸ್ಸು ಓಡಿಸಲು ಕರೆಸಿದ್ದ ಬಾಡಿಗೆ ಡ್ರೈವರ್ ಬಾಗಿಲು ತೆರೆಯುವ ಗುಂಡಿ ಒತ್ತಿದ್ದಕ್ಕೆ ಎರಡು ತುಂಡಾಯಿತು. ಹಾಲು ಉಕ್ಕಿ ಪೂರ್ವಕ್ಕೆ ಹರಿಯಲಿಲ್ಲ, ನೆಲ ಎತ್ತ ಇಳಿಜಾರೋ ಅತ್ತ, ಡ್ರೈವರ್ ಸೀಟಿನ ಕಡೆ ಹೋಯಿತು. ಎಲ್ಲರೂ ನಕ್ಕೆವು. ಅತ್ತಿಗೆ ಒಂದು ಜೊತೆ ಹಿತ್ತಾಳೆ ದೀಪ ಉಡುಗೊರೆ ಕೊಟ್ಟಳು. ಮನೆಗೆ ಕೊಡುವಂಥದ್ದನ್ನೇ ಕೊಟ್ಟಳಲ್ಲ ಎಂದು ಹಿಗ್ಗಿಹೋದೆ. ಅವತ್ತು ನನ್ನಷ್ಟು ಸಂತೋಷವಾಗಿದ್ದವರು ಬನ್ನೇರುಘಟ್ಟ ರಸ್ತೆಯಲ್ಲೇ ಇರಲಿಲ್ಲ.

ಅವರು ಹೊರಡುವಾಗ ಅತ್ತಿಗೆಯ ಮಡಿಲಿಗೆ ಹಣ್ಣು ಹಾಕುತ್ತಿದ್ದೆ. ಅವಳು ಸೆರಗು ಸರಿ ಮಾಡಿಕೊಳ್ಳುತ್ತಾ, ಏನೂ ಅಲ್ಲದ ಮಾತೆಂಬಂತೆ ಹೇಳಿದಳು. "ಹಂಗಿದ್ರೆ ಮಹಡಿ ರೂಮು ಬಾಡಿಗೆಗೆ ಕೊಡ್ಲಾ? ಇವರನ್ನ ಕೇಳ್ದೆ. ಹಾಲುಕ್ಕಿಸಿದ ಮೇಲೆ ಅವಳದೇ ಮನೆ ಆಯ್ತಲ್ಲ ಅಂದ್ರು."

ಕೊಡ್ರಿ, ಅದಕ್ಕೇನು ಎಂದೆ. ಬೇರೆ ಏನು ಹೇಳಲಿ? ಇದು ಮನೆಯೇ ಎಂದು ಹಟ ಹಿಡಿದವಳು ನಾನು. ಅವರು ಒಪ್ಪಿಕೊಂಡರು, ಅಷ್ಟೇ. ಮಾರನೆಯ ದಿನವೇ ಅಣ್ಣ ಗೂಡ್ಸ್ ಆಟೋದಲ್ಲಿ ನನ್ನ ಟ್ರಂಕು, ಹೊಲಿಗೆ ಮಿಷನ್ನು, ನನ್ನ ತಟ್ಟೆ ಲೋಟ ಎಲ್ಲ ಒಡೆಯದಂತೆ ಕಟ್ಟಿ ತಂದ. ಒಂದೇ ಒಂದು ಸಾಮಾನು ಮರೆತಿರಲಿಲ್ಲ. ಒಂದಾದರೂ ಮರೆತಿದ್ದರೆ ಎಂದು ನಾನು ಗಂಟುಗಳನ್ನೆಲ್ಲ ಬಿಚ್ಚಿ ಹುಡುಕಿದೆ.

ಮೊದಲ ಪ್ರಯಾಣ ಕನಕಪುರದ ಆಚೆ ಒಂದು ಕೆರೆಯ ದಂಡೆಗೆ. ಡ್ರೈವರ್ ಬಸ್ಸು ನಿಲ್ಲಿಸಿ, ಹತ್ತಿರದಲ್ಲೇ ಇದ್ದ ತನ್ನ ಅಕ್ಕನ ಮನೆಗೆ ಹೋದ. ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯ ತುಂಬ ನೀರು, ನೀರಿನ ತುಂಬ ಬಿಳಿ ಹಕ್ಕಿ. ಅಬ್ಬಾ! ಇಲ್ನೋಡಿ ಎಂದು ಜೋರಾಗಿಯೇ ಕೂಗಿದೆ. ಯಾರಿದ್ದರು ನೋಡಲು? ಕಂಡಕ್ಟರ್ ಗಂಟೆಯ ಗುಂಡಿ ಇನ್ನೂ ಕೆಲಸ ಮಾಡುತ್ತಿತ್ತು. ಹುಚ್ಚಿಯ ಹಾಗೆ ಒಂದು ಸಲ ಒತ್ತಿದೆ. ಆಮೇಲೆ ಕೂತು ಅತ್ತೆ. ಯಾಕೆ ಅಂತ ಬಿಡಿಸಿ ಹೇಳುವುದೇನಿದೆ, ಒಂಟಿತನ.

ವಾಪಸ್ ಬಂದವಳೇ ಸೀದಾ ಜಯನಗರಕ್ಕೆ ಹೋದೆ. ಕೆರೆಯ ವಿಷಯ ಯಾರಿಗಾದರೂ ಹೇಳದೆ ಹೊಟ್ಟೆ ಉಬ್ಬರಿಸುತ್ತಿತ್ತು. ಮಹಡಿಯಲ್ಲಿ ಯಾರದೋ ಬಟ್ಟೆ ಒಣಗುತ್ತಿತ್ತು. ಅಣ್ಣ ಬಾಗಿಲು ತೆಗೆದು, ಬಾ ಬಾ ಎಂದು ಸೋಫಾದ ಮೇಲಿನ ಪೇಪರ್ ಎತ್ತಿ ಜಾಗ ಮಾಡಿದ. ನಾನು ಸುಮ್ಮನೆ ಅಡುಗೆಮನೆಗೆ ನುಗ್ಗಿದೆ. ಅತ್ತಿಗೆ ನನ್ನ ಭುಜ ಹಿಡಿದು, ನೀನು ಕೂತ್ಕೋ, ನಾನು ತರ್ತೀನಿ ಎಂದು ವಾಪಸ್ ಸೋಫಾದ ಕಡೆ ಕಳಿಸಿದಳು.

ಕೂತೆ. ಸ್ವಲ್ಪ ಹೊತ್ತಿಗೆ ಟ್ರೇ ಬಂತು. ಆ ಮನೆಯಲ್ಲಿ ನಾವೆಲ್ಲ ಕಾಫಿ ಕುಡಿಯುವುದು ಸ್ಟೀಲ್ ಲೋಟದಲ್ಲಿ. ಟ್ರೇಯಲ್ಲಿದ್ದದ್ದು ಷೋಕೇಸಿನ ಪಿಂಗಾಣಿ ಕಪ್ಪು, ಸಾಸರು, ಪಕ್ಕದಲ್ಲಿ ಎರಡು ಬಿಸ್ಕತ್ತು.

ಲೋಟದಲ್ಲೇ ಕೊಡಬಹುದಿತ್ತಲ್ಲ ಅತ್ತಿಗೆ ಎಂದೆ.

"ಇರ್ಲಿ ಬಿಡು," ಎಂದಳು ಅವಳು, ನಿಜವಾದ ಅಕ್ಕರೆಯಿಂದ. "ಅಪರೂಪಕ್ಕೆ ಬಂದಿದೀಯಾ."

ಕಪ್ಪು ಎತ್ತಿಕೊಂಡೆ. ಕೆರೆ ಹೆಂಗಿತ್ತು ಎಂದು ಅಣ್ಣ ಕೇಳಿದ. ಚೆನ್ನಾಗಿತ್ತು ಎಂದೆ.